ಓರೆ ಅಚ್ಚಿನ ಡ್ರಮ್ಮು

ಕೊರೊನಾ ಕಾಟ ತಗ್ಗಿ, ಜನ ಮೂಗುಬಾಯಿ ಬಿಟ್ಟುಕೊಂಡು ಓಡಾಡಲು ಶುರುಮಾಡಿದ ಮೇಲಿನ ಸಂಕ್ರಾಂತಿ ಅದು. ನಾನಾಗ ಮಳವಳ್ಳಿ ತಾಲ್ಲೂಕಿನ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ರೈತ ಸಂಪರ್ಕ ಕೇಂದ್ರವೆಂದರೆ ರೈತರಿಗೆ ಬಿತ್ತನೆ ಬೀಜ, ಗೊಬ್ಬರದ ಸಲಹೆ, ಸಬ್ಸಿಡಿ ಟಾರ್ಪಾಲು ಸಿಗುವ ಜಾಗ; ನಮಗೆ ಬೈಗುಳ ಸಿಗುವ ಜಾಗವೂ ಅದೇ. ಬೆಂಕಿರೋಗ ಬಂದ ಭತ್ತ, ಗೊಣ್ಣೆಹುಳು ತಿಂದ ಕಬ್ಬು, ಮೊಳೆಯದ ರಾಗಿ, ಇವುಗಳನ್ನು ನೋಡಿ ಕಾರಣ ಹೇಳುವುದು ನನ್ನ ಕೆಲಸ. ಆದರೆ ಒಂದು ತುಂಡು ಹಳೇ ಕಬ್ಬಿಣ ಏನೆಂದು ಹೇಳುವುದರ ಮೇಲೆ ಒಬ್ಬ ಹೆಣ್ಣುಮಗಳ ಜೀವ ನಿಂತದ್ದು ನನ್ನ ಸರ್ವೀಸಿನಲ್ಲಿ ಅದೊಂದೇ ಸಲ.

ಹಬ್ಬದ ಬೆಳಿಗ್ಗೆ ಒಲೆಯ ಮೇಲೆ ಪೊಂಗಲ್ ಇಟ್ಟು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನನ್ನ ಅಕ್ಕನ ಮಗ ಶಶಿಧರ ಫೋನು ಮಾಡಿದ. ಅವನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಹಬ್ಬ ಹರಿದಿನಕ್ಕೆ ಫೋನು ಮಾಡಿ ಕ್ಷೇಮ ಕೇಳುವ ಪೈಕಿಯಲ್ಲ. ಏನೋ ಕೆಲಸ ಬಿದ್ದಿರಬೇಕು ಅಂದುಕೊಂಡೇ ಎತ್ತಿದೆ.

"ಚಿಕ್ಕಮ್ಮ, ಹಬ್ಬ ಆಮೇಲೆ ಮಾಡ್ಕೋ. ನಿಮ್ಮ ಹೋಬಳಿಯೋಳು ಒಬ್ಬಳು ನನ್ನ ವಾರ್ಡಲ್ಲಿ ಸಾಯ್ತಾ ಇದ್ದಾಳೆ. ಅವಳ ಮನೇಗೆ ಹೋಗಿ ಏನು ಕುಡಿದಿದ್ದಾಳೆ ಅಂತ ನೋಡಿ ಹೇಳು," ಅಂದ.

ಅವಳ ಹೆಸರು ಭಾಗ್ಯ. ಬೆಳಕವಾಡಿ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಸೊಸೆ. ವಾಂತಿ, ಬಾಯಲ್ಲಿ ಧಾರಾಕಾರ ಜೊಲ್ಲು, ಗಂಟಲುರಿ ಅಂತ ಎರಡು ದಿನದ ಹಿಂದೆ ಕರೆತಂದಿದ್ದರು. ನಮ್ಮ ಕಡೆ ಮದುವೆಯಾದ ಹೆಂಗಸು ಜೊಲ್ಲು ಸುರಿಸಿಕೊಂಡು ಆಸ್ಪತ್ರೆಗೆ ಬಂದರೆ ಯಾರೂ ಹೆಚ್ಚು ಕೇಳುವುದಿಲ್ಲ, ಔಷಧಿ ಕುಡಿದಿದ್ದಾಳೆ ಅನ್ನುತ್ತಾರೆ. ಔಷಧಿ ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಅದರ ಮೇಲೆ ಭಾಗ್ಯಳ ಗಂಡ ನಿಂಗರಾಜು ಅವಳ ಜೊತೆ ಜೋರುಜೋರಾಗಿ ಜಗಳವಾಡಿದ್ದನ್ನು ಇಡೀ ಬೀದಿ ಕೇಳಿತ್ತು. ಅವನು ದಿನಾ ಬೈಕಿನಲ್ಲಿ ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಗೆ ಹೋಗಿಬರುವವನು. ಇವಳು ಹಬ್ಬಕ್ಕೆ ಮುಂಚೆ ಚಿಕ್ಕರಸಿನಕೆರೆಯ ತವರಿಗೆ ಹೋಗಿ ಎಳ್ಳು ಕೊಟ್ಟು ಬರುತ್ತೇನೆ ಅಂದದ್ದು, ಅವನು ಬೇಡ ಅಂದದ್ದು. ಜಗಳ ಇಷ್ಟೇ.

ಹಾಗಾಗಿ ಕೀಟನಾಶಕಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಶುರುವಾಗಿತ್ತು. ಸಾಮಾನ್ಯ ಕೀಟನಾಶಕ ನರಕ್ಕೆ ಹೊಡೆಯುತ್ತದೆ. ಜೊಲ್ಲು ಹರಿಯುತ್ತದೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ಅಟ್ರೋಪಿನ್ ಆ ಜೊಲ್ಲನ್ನು ಆರಿಸಿ ಪಾಪೆಯನ್ನು ಅರಳಿಸುತ್ತದೆ. ಜಾಸ್ತಿಯಾದರೆ ರೋಗಿ ಬಡಬಡಿಸುತ್ತಾನೆ.

"ಬಂದಾಗ ಅವಳ ಪಾಪೆ ಸಣ್ಣ ಆಗಿರ್ಲೇ ಇಲ್ವಂತೆ ಚಿಕ್ಕಮ್ಮ. ನಾನು ಡ್ಯೂಟಿಗೆ ಬಂದಿದ್ದು ಇವತ್ತು. ವಸಡು ಊದಿದೆ, ಬಾಯೆಲ್ಲ ಹುಣ್ಣು, ಭೇದಿಯಲ್ಲಿ ರಕ್ತ. ಮೂತ್ರ ನಿಂತೇ ಹೋಗಿದೆ. ಕಳೆನಾಶಕ ಏನಾದ್ರೂ ಕುಡಿದಿದ್ರೆ ಹೀಗಾಗುತ್ತೆ. ಅದಾಗಿದ್ರೆ ನಾವು ಕೈಚೆಲ್ಲಿ ಕೂರಬೇಕು, ಅದಕ್ಕೆ ಮದ್ದೇ ಇಲ್ಲ. ಮೂತ್ರ ಪರೀಕ್ಷೆ ಮಾಡಿದ್ರೆ ಗೊತ್ತಾಗೋದು, ಮೂತ್ರವೇ ಇಲ್ವಲ್ಲ!"

"ಅವಳೇನಂತಾಳೆ?"

"ಮೊದಲ ದಿನ ಮಾತಾಡ್ತಿದ್ದಾಗ ಕುಡಿದಿಲ್ಲ, ಕುಡಿದಿಲ್ಲ ಅಂತಿದ್ದಳಂತೆ. ಮಗಳ ಮೇಲೆ ಆಣೆ ಇಟ್ಟಳಂತೆ. ಎಲ್ಲರೂ ಹಾಗೇ ಹೇಳ್ತಾರೆ ಅಂತ ಬಿಟ್ಟಿದ್ದಾರೆ. ಈಗ ಅವಳಿಗೆ ಜ್ಞಾನವಿಲ್ಲ."

ಒಲೆ ಆರಿಸಿ, ಪೊಂಗಲ್ ಹಾಗೇ ಮುಚ್ಚಿಟ್ಟು ಸ್ಕೂಟರು ಹತ್ತಿದೆ. ದಾರಿಯುದ್ದಕ್ಕೂ ನಾಲೆಯಲ್ಲಿ ದನ ಮೈ ತೊಳೆಯುವವರು, ಕೊಂಬಿಗೆ ಬಣ್ಣ ಬಳಿಯುವವರು. ಸಂಜೆ ಕಿಚ್ಚು ಹಾಯಿಸಬೇಕಲ್ಲ, ಎಲ್ಲರಿಗೂ ಅದರದೇ ಗಡಿಬಿಡಿ.

ಮನೆಯಲ್ಲಿ ಭಾಗ್ಯಳ ಅತ್ತೆ ಚಿಕ್ಕತಾಯಮ್ಮ ಒಬ್ಬರೇ ಜಗಲಿಯ ಮೇಲೆ ಕೂತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಬಾಯಿ ಜೋರು ಎಂದು ಹೆಸರಾದವರು. ಬೀಜ ತೆಗೆದುಕೊಳ್ಳಲು ಬಂದಾಗ ಕ್ಯೂನಲ್ಲಿ ಅವರ ದನಿಯೇ ಮೊದಲು ಕೇಳಿಸುತ್ತಿತ್ತು. ಅವತ್ತು ನನ್ನ ಕಂಡು ಎದ್ದು ನಿಂತು ಬಾಗಿಲು ಬಿಟ್ಟು ಸರಿದರು. ಭಾಗ್ಯಳ ಅಣ್ಣ ಕಂಪ್ಲೇಂಟು ಕೊಟ್ಟಿದ್ದರಿಂದ ನಿಂಗರಾಜುವನ್ನು ಬೆಳಿಗ್ಗೆಯೇ ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋಗಿದ್ದರು. ಹೆಣ್ಣುಮಗುವನ್ನು ಪಕ್ಕದ ಮನೆಯವರು ಇಟ್ಟುಕೊಂಡಿದ್ದರು.

"ಮನೇಲಿ ಏನೇನು ಔಷಧಿ ಇದೆಯೋ ಎಲ್ಲಾ ತೋರಿಸಿ," ಅಂದೆ.

"ನೋಡ್ಕಳಿ ಮೇಡಮ್ಮೋರೆ. ಪೊಲೀಸ್ನೋರೂ ನೋಡ್ಬುಟ್ಟು ಓದ್ರು. ನಾನೇನ್ ಏಳ್ಲಿ," ಅಂದು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡರು.

ಕೊಟ್ಟಿಗೆಗೆ ಅಂಟಿಕೊಂಡ ಹಾಗೆ ಶೀಟಿನ ಒಂದು ಶೆಡ್ಡು. ಯೂರಿಯಾ ಚೀಲ, ಸ್ಪ್ರೇಯರ್ ಕ್ಯಾನು, ಮೆಣಸಿನ ಗಿಡದ ನುಸಿಗೆ ಹೊಡೆಯುವ ಔಷಧಿಯ ಬಾಟಲಿ ಒಂದು. ಅದರ ಮುಚ್ಚಳದ ಮೇಲೆ ಧೂಳು ಹಾಗೇ ಕೂತಿತ್ತು. ಕಳೆನಾಶಕದ ಕ್ಯಾನಿನ ಸೀಲು ಒಡೆದಿರಲಿಲ್ಲ. ಬಚ್ಚಲು ನೋಡಿದೆ, ಅಟ್ಟ ನೋಡಿದೆ, ಹಿತ್ತಿಲಲ್ಲಿ ಬಿಸಾಡಿದ ಬಾಟಲಿ ಹುಡುಕಿದೆ. ಏನೂ ಇಲ್ಲ. ಶಶಿಧರ ಅಷ್ಟರಲ್ಲಿ ಎರಡು ಸಲ ಫೋನು ಮಾಡಿದ್ದ. ಎತ್ತಿ ಏನಂತ ಹೇಳುವುದು ಎಂದು ನಾನು ಎತ್ತಲೇ ಇಲ್ಲ. ನಿಜ ಹೇಳುತ್ತೇನೆ, ಆ ಶೆಡ್ಡಿನ ಮಧ್ಯೆ ನಿಂತು ನನಗೆ ಅಳು ಬಂದುಬಿಟ್ಟಿತ್ತು.

ಹೊರಗೆ ಬರುವಾಗ ಕಾಲಿಗೆ ಒಂದು ಕಬ್ಬಿಣ ತಗುಲಿತು. ಮಾರುದ್ದದ ಸಲಾಕೆ. ಒಂದು ತುದಿ ಮಡಚಿ ಹಿಡಿಕೆ ಮಾಡಿತ್ತು. ನಡುವೆ, ಅಂತರ ಬಿಟ್ಟು, ಅಂಗೈ ಅಗಲದ ಎರಡು ಕಬ್ಬಿಣದ ಬಿಲ್ಲೆ ಬೆಸುಗೆ ಹಾಕಿತ್ತು. ಬಿಲ್ಲೆಯಲ್ಲಿ ಬೋಲ್ಟಿನ ತೂತುಗಳು. ಹಳೇ ಕಾಲದ ಮಾಲು, ತುಕ್ಕು ಹಿಡಿದಿದೆ. ಆದರೆ ತೂತಿನ ಸುತ್ತ ಮಾತ್ರ ತುಕ್ಕು ಹೊಸದಾಗಿ ಕಿತ್ತು ಹೊಳೆಯುತ್ತಿತ್ತು. ಯಾರೋ ಈಚೆಗೆ ಬೋಲ್ಟು ಬಿಚ್ಚಿದ್ದಾರೆ.

"ಅದ್ಯಾವ್ದೋ ಅಳೇ ಕಬ್ಬುಣ ಕಣ್ ಬುಡಿ ಮೇಡಮ್ಮೋರೆ, ಗುಜ್ರೀಗ್ ಆಕನ ಅಂತ ಮಡ್ಗಿದ್ದು," ಅಂದರು ಚಿಕ್ಕತಾಯಮ್ಮ. ನಾನು ಅದರ ಬಗ್ಗೆ ಕೇಳಿಯೇ ಇರಲಿಲ್ಲ.

ಬೆಳಕಿಗೆ ಹಿಡಿದು ನೋಡಿದೆ. ಹಿಡಿಕೆಯ ಹತ್ತಿರದ ಗ್ರೀಸಿನಲ್ಲಿ ಬಿಳಿ ಎಳ್ಳಿನ ಕಾಳು ಅಂಟಿಕೊಂಡಿದ್ದವು. ಜೊತೆಗೆ ಕೊಬ್ಬರಿಯ ಒಂದು ಸಣ್ಣ ಚೂರು. ಎಳ್ಳುಬೆಲ್ಲದಲ್ಲಿ ಹಾಕುತ್ತಾರಲ್ಲ, ಆ ಥರದ್ದು. ಹಳೇ ಕಬ್ಬಿಣಕ್ಕೆ ಈ ವರ್ಷದ ಎಳ್ಳು ಹೇಗೆ ಅಂಟಿತು?

ಇದು ಯಾವುದರ ಭಾಗ ಎಂದು ಯೋಚಿಸುತ್ತಾ ನಿಂತೆ. ಬಾವಿಯ ರಾಟೆಯ ಅಚ್ಚು ಇರಬಹುದೇ? ಮೇವು ಕತ್ತರಿಸುವ ಯಂತ್ರದ್ದೇ? ಭತ್ತ ತೂರುವ ಫ್ಯಾನಿನದೇ? ಇವೆಲ್ಲದರ ಅಚ್ಚಿನ ಮೇಲೂ ಬಿಲ್ಲೆ ನೆಟ್ಟಗೆ ನಿಂತಿರುತ್ತದೆ. ಇಲ್ಲಿ ಎರಡೂ ಬಿಲ್ಲೆ ಓರೆ. ಒಂದು ಓರೆಯಾಗಿದ್ದರೆ ಬಗ್ಗಿದೆ ಅನ್ನಬಹುದು. ಎರಡೂ ಒಂದೇ ಕಡೆಗೆ, ಒಂದೇ ಅಳತೆಗೆ ಓರೆಯಾಗಿದ್ದರೆ ಬೇಕಂತಲೇ ಹಾಗೆ ಬೆಸೆದಿದ್ದಾರೆ ಅಂತಲೇ ಅರ್ಥ. ಅಂದರೆ ಈ ಅಚ್ಚು ಒಂದು ಪೀಪಾಯಿಯನ್ನು ನಟ್ಟನಡುವೆ ಹಾಯದೆ, ಒಂದು ಮುಖದ ಮೇಲಂಚಿನಿಂದ ಇನ್ನೊಂದು ಮುಖದ ಕೆಳಂಚಿಗೆ ಮೂಲೆಯಿಂದ ಮೂಲೆಗೆ ಹಾದಿರಬೇಕು.

ಹೊಳೆದ ಕೂಡಲೇ ಕೈಯಲ್ಲಿದ್ದ ಕಬ್ಬಿಣವನ್ನು ಕೆಳಗೆ ಬಿಟ್ಟೆ. ನಾನು ಕೃಷಿ ಡಿಪ್ಲೊಮಾ ಓದುವಾಗ ನಮ್ಮ ಬೀಜದ ಫಾರಂನಲ್ಲಿ ಇಂಥದೊಂದು ಡ್ರಮ್ಮು ಇತ್ತು. ಬೀಜೋಪಚಾರದ ಡ್ರಮ್ಮು. ಬಿತ್ತುವ ಮುಂಚೆ ಬೀಜಕ್ಕೆ ರೋಗ ಬರದಂತೆ ಪುಡಿ ಹಚ್ಚುವುದಕ್ಕೆ ಬೀಜೋಪಚಾರ ಎನ್ನುತ್ತಾರೆ. ಅಚ್ಚು ಓರೆಯಾಗಿದ್ದರೆ ಹಿಡಿಕೆ ತಿರುಗಿಸಿದಾಗ ಡ್ರಮ್ಮು ತೊನೆಯುತ್ತದೆ, ಒಳಗಿನ ಬೀಜ ಆ ತುದಿಯಿಂದ ಈ ತುದಿಗೆ ಉರುಳುತ್ತದೆ, ಒಂದೊಂದು ಕಾಳಿಗೂ ಪುಡಿ ಸಮನಾಗಿ ಹತ್ತುತ್ತದೆ. ಆ ಕಾಲದಲ್ಲಿ ಹಚ್ಚುತ್ತಿದ್ದ ಪುಡಿ ಪಾದರಸದ್ದು. ಬುಡುಬುಡು ತಿರುಗಿಸುತ್ತಿದ್ದ ನಮ್ಮನ್ನು ಮೇಷ್ಟ್ರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಬೈಯುತ್ತಿದ್ದರು. ಮನುಷ್ಯರಿಗೆ ಕೆಡುಕೆಂದು ಆಮೇಲೆ ಆ ಪುಡಿಗಳನ್ನು ಬೀಜಕ್ಕೆ ಹಚ್ಚುವುದನ್ನು ನಿಲ್ಲಿಸಿದರು. ಡ್ರಮ್ಮುಗಳು ಗುಜರಿಗೆ ಹೋದವು. ಆ ಒಂದು ಅಚ್ಚು ಇಲ್ಲಿ ಎಳ್ಳು ಮೆತ್ತಿಕೊಂಡು ಬಿದ್ದಿತ್ತು.

"ಇದರ ಡ್ರಮ್ಮು ಎಲ್ಲಿ?" ಅಂತ ಕೇಳಿದೆ.

"ಯಾವ್ ಡ್ರಮ್ಮು? ನಂಗೊತ್ತಿಲ್ಲ."

ನನಗೆ ಎಲ್ಲಿತ್ತೋ ಕೋಪ. "ನಿನ್ನ ಸೊಸೆ ಸಾಯ್ತಾವ್ಳೆ ಕಣಮ್ಮ! ಅವಳ ಬಾಯೆಲ್ಲ ಕೊಳೆತೋಗದೆ, ಉಚ್ಚೆ ನಿಂತೋಗದೆ. ನಿನ್ನ ಮಗ ಠಾಣೇಲಿ ಕೂತವ್ನೆ. ಡ್ರಮ್ಮೆಲ್ಲಿ ಅಂತ ಬಾಯಿ ಬುಡ್ತೀಯೋ ಇಲ್ವೋ?" ಎಂದು ಕೂಗಿದೆ. ಅಧಿಕಾರಿ ಅನ್ನುವುದೆಲ್ಲ ಮರೆತುಹೋಗಿ ಮದ್ದೂರಿನ ನಮ್ಮವ್ವನ ದನಿಯೇ ಬಂದುಬಿಟ್ಟಿತ್ತು.

ಚಿಕ್ಕತಾಯಮ್ಮ ತಿಪ್ಪೆಯ ಕಡೆ ಕೈ ತೋರಿಸಿದರು.

ಆಮೇಲೆ ಒಂದೊಂದಾಗಿ ಹೊರಬಂತು. ತೀರಿಕೊಂಡ ಅವರ ಯಜಮಾನರು ಯಾವುದೋ ಕಾಲದಲ್ಲಿ ಮುಚ್ಚಿಹೋದ ಬೀಜದ ಫಾರಂನ ಗುಜರಿ ಹರಾಜಿನಲ್ಲಿ ಅದನ್ನು ತಂದಿದ್ದರಂತೆ. ಶೆಡ್ಡಿನ ಮೂಲೆಯಲ್ಲಿ ಕಬ್ಬಿನ ತರಗಿನಡಿ ಹಾಗೇ ಬಿದ್ದಿತ್ತು. ಏನದು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಡಲೆಕಾಯಿ ಹುರಿಯುವ ಡ್ರಮ್ಮು ಎಂದು ನಿಂಗರಾಜು ಹೇಳುತ್ತಿದ್ದ. ಭಾಗ್ಯಳ ಮಹಿಳಾ ಸಂಘಕ್ಕೆ ಮದ್ದೂರಿನ ಒಂದು ಅಂಗಡಿಯಿಂದ ಹಬ್ಬಕ್ಕೆ ಎಳ್ಳುಬೆಲ್ಲ ಮಾಡಿಕೊಡಿ ಎಂದು ಕೇಳಿ ಬಂದಿತ್ತು. ಎಳ್ಳು, ಕಡಲೆ, ಕಡಲೆಬೀಜ, ಕೊಬ್ಬರಿ, ಅಚ್ಚುಕಟ್ಟಾಗಿ ಕತ್ತರಿಸಿದ ಬೆಲ್ಲದ ಚೂರು. ಅಷ್ಟನ್ನೂ ಕೈಯಲ್ಲಿ ಬೆರೆಸಿದರೆ ಬೆಲ್ಲ ಪುಡಿಯಾಗುತ್ತದೆ. ಭಾಗ್ಯ ಜಾಣೆ. ಆ ಡ್ರಮ್ಮಿನ ಹಿಡಿಕೆ ತಿರುಗಿಸಿ ನೋಡಿದಳು. ಒಳಗೆ ಹಾಕಿದ್ದು ಮೆತ್ತಗೆ ಉರುಳಿ ಬೆರೆಯುತ್ತದೆ. ಇದಕ್ಕಿಂತ ಏನು ಬೇಕು? ಇಡೀ ಒಂದು ಬೆಳಿಗ್ಗೆ ಡ್ರಮ್ಮಿನೊಳಗೆ ತಲೆ ತೂರಿಸಿ, ಅಡಿಗೆ ಗಟ್ಟಿಯಾಗಿ ಅಂಟಿದ್ದ ಬೂದು ಬಣ್ಣದ ಪುಡಿಯನ್ನು ಚಾಕುವಿನಿಂದ ಕೆರೆದು ತೆಗೆದಳು. ಆಮೇಲೆ ಬಿಸಿನೀರು ಹಾಕಿ ಹಾಕಿ ತೊಳೆದಳು. ಸಂಜೆ ಕೆಮ್ಮು, ಎದೆ ಬಿಗಿತ. ನೆಗಡಿ ಎಂದುಕೊಂಡು ಮಾರನೇ ದಿನ ಎಳ್ಳು ಬೆರೆಸಿ ಪ್ಯಾಕೆಟ್ಟು ಕಟ್ಟಲು ಕೂತಳು.

"ಅವ್ಳು ಕೆರುದ್ ಪುಡೀನ ಇತ್ಲಿಗೆ ಗುಡ್ಸಾಕಿದ್ಲು. ಅದ್ನ ಕೆದಕುದ್ ಕೋಳಿ ಎಲ್ಲಾ ಮಕಾಡೆ ಬಿದ್ದೋದ್ವು ಮೇಡಮ್ಮೋರೆ. ಇವ್ಳ್ನ ಆಸ್ಪತ್ರೆಗ್ ಎತ್ಕಂಡೋದ್ ದಿವ್ಸ್ವೇ ನಂಗೆ ಅನ್ಮಾನ ಬಂತು. ಅಚ್ಚು ಬಿಚ್ಚಾಕಿ ಡ್ರಮ್ಮ ಉಳ್ಳುಸ್ಕಂಡೋಗಿ ತಿಪ್ಪೇಲಿ ಉಗುದ್ಬುಟ್ಟೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಎಂಗ್ ಏಳ್ಲಿ? ಆ ಎಳ್ಳ ಸಂಘದೋರು ಅಂಚ್ಕಂಡವ್ರೆ, ಊರ್ ತುಂಬಾ ಓಗದೆ. ಊರ್ಗೇ ಇಸ ಇಕ್ಕುದ್ ಮನೆ ಅಂದ್ಬುಡ್ತಾರೆ. ಸೊಸೆ ಕುಡುದ್ಲು ಅಂದ್ರೆ ನಾಕ್ ದಿನ ಆಡ್ಕಂಡ್ ಸುಮ್ನಾಯ್ತಾರೆ. ಅವ್ಳ್ ವಾಸಿಯಾಗ್ ಬಂದ್ರೆ ಸಾಕು ಅಂತ ಮಾದಪ್ಪಂಗೆ ಮುಡುಪ್ ಕಟ್ಟಿವ್ನಿ."

ಆ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಭಾಗ್ಯ ಕುಡಿದಿಲ್ಲ ಎಂದು ಇಡೀ ಊರಿನಲ್ಲಿ ಗೊತ್ತಿದ್ದವರು ಅವರೊಬ್ಬರೇ.

ಫೋನು ಮಾಡಿ ಶಶಿಧರನಿಗೆ ಪಾದರಸ ಅಂದೆ. ಅವನು ಒಂದೊಂದೇ ಲಕ್ಷಣ ಎಣಿಸಿದ. "ಜೊಲ್ಲು, ವಸಡು, ಕಿಡ್ನಿ... ಕೂಡುತ್ತೆ ಚಿಕ್ಕಮ್ಮ, ಎಲ್ಲಾ ಕೂಡುತ್ತೆ. ಆದ್ರೆ ಡ್ರಮ್ಮು ಓರೆ ಇತ್ತು ಅಂತ ನಮ್ಮ ಹಿರಿಯ ಡಾಕ್ಟರ ಹತ್ತಿರ ಹೇಳೋಕಾಗುತ್ತಾ? ಪಾದರಸ ಹೊರಗೆಳೆಯೋ ಇಂಜೆಕ್ಷನ್ ನಮ್ಮಲ್ಲಿಲ್ಲ, ಬೆಂಗಳೂರಿಂದ ತರಿಸಬೇಕು. ಕಿಡ್ನಿ ನಿಂತೋರಿಗೆ ಅದನ್ನ ಅಂದಾಜಿನ ಮೇಲೆ ಕೊಡೋದು ಹುಡುಗಾಟ ಅಲ್ಲ. ಅದೇ ಡ್ರಮ್ಮಲ್ಲಿ ಬೇರೆ ಪುಡೀನೂ ಹಾಕಿರಬಹುದಲ್ಲ?"

ಅವನು ಹೇಳಿದ್ದು ಸರಿ. ಆ ಡ್ರಮ್ಮಿನಲ್ಲಿ ಯಾವ ಪುಡಿ ಬೇಕಾದರೂ ತಿರುಗಿಸಿರಬಹುದು. ರಕ್ತ ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸೋಣವೆಂದರೆ ಹಬ್ಬದ ರಜಾ. ಫಲಿತಾಂಶ ಬರುವವರೆಗೆ ಅವಳು ಇರುತ್ತಾಳೆಯೇ ಎನ್ನುವುದೇ ಅನುಮಾನ. "ಇರು, ಇಲ್ಲೇ ನೋಡಿ ಹೇಳ್ತೀನಿ," ಅಂತ ಫೋನು ಇಟ್ಟೆ. ಹೇಗೆ ನೋಡುತ್ತೇನೆ ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ.

ಗೊಬ್ಬರದ ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಂಡು, ಒದ್ದೆ ಟವೆಲು ಮೂಗಿಗೆ ಸುತ್ತಿಕೊಂಡು ನಾವಿಬ್ಬರೇ ತಿಪ್ಪೆ ಅಗೆದೆವು. ಡ್ರಮ್ಮು ಸಿಕ್ಕಿತು. ಹೆಸರಿಲ್ಲ, ಗುರುತಿಲ್ಲ, ಬಣ್ಣವೆಲ್ಲ ಹೋಗಿದೆ. ಒಳಗೆ ಭಾಗ್ಯ ಉಜ್ಜಿದ ಕಡೆ ಹೊಳೆಯುತ್ತಿತ್ತು. ಬೀಜ ಮಗುಚಲೆಂದು ಒಳಗೋಡೆಗೆ ಬೆಸೆದ ಒಂದು ಪಟ್ಟಿಯ ಹಿಂದುಗಡೆ ಮಾತ್ರ ಅವಳ ಚಾಕು ಹೋಗಿರಲಿಲ್ಲ. ಅಲ್ಲಿ ಬೂದು ಬಣ್ಣದ ಹಕ್ಕಳೆ ಇನ್ನೂ ಉಳಿದಿತ್ತು. ಕಡ್ಡಿಯಲ್ಲಿ ಅದನ್ನು ಎಬ್ಬಿಸಿ ಒಂದು ಹಳೇ ತಟ್ಟೆಗೆ ಹಾಕಿಕೊಂಡೆ.

ಹಿತ್ತಿಲ ಕಲ್ಲಿನ ಮೇಲೆ ಹಬ್ಬಕ್ಕೆಂದು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟ ತಾಮ್ರದ ಚೊಂಬು ಕಂಡಿತು. ಡಿಪ್ಲೊಮಾದ ರಸಾಯನಶಾಸ್ತ್ರದ ಪಾಠ ನೆನಪಾಗಿದ್ದು ಅದನ್ನು ನೋಡಿಯೇ. ಹುಳಿಯಾದ ದ್ರಾವಣದಲ್ಲಿ ಪಾದರಸದ ಉಪ್ಪು ಇದ್ದರೆ ಅದು ಶುದ್ಧ ತಾಮ್ರದ ಮೇಲೆ ಕೂರುತ್ತದೆ. ಮೊದಲು ಕಪ್ಪಗೆ ಕಾಣುತ್ತದೆ, ಬಟ್ಟೆಯಲ್ಲಿ ಉಜ್ಜಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಉಜ್ಜಿದ ಮೇಲೂ ಕಪ್ಪಗೇ ಉಳಿದರೆ ಅದು ಬೇರೆ ವಿಷ. ಪ್ರಯೋಗಶಾಲೆಯಲ್ಲಿ ಇದಕ್ಕೆ ಆಸಿಡ್ ಬಳಸುತ್ತೇವೆ. ಇಲ್ಲಿ ಇದ್ದದ್ದು ಹುಣಸೆಹಣ್ಣು ಮತ್ತು ಉಪ್ಪು.

"ಈ ಚೊಂಬು ಹಾಳಾಗುತ್ತೆ," ಅಂದೆ.

"ಆಳಾಗ್ಲಿ ಕನವ್ವ, ಅವ್ಳ್ ಉಳ್ಕಂಡ್ರೆ ಸಾಕು," ಅಂದರು ಚಿಕ್ಕತಾಯಮ್ಮ.

ಹುಣಸೆ ನೀರಿನಲ್ಲಿ ಉಪ್ಪು ಬೆರೆಸಿ, ಪುಡಿ ಕಲಕಿ ಚೊಂಬಿನ ಬದಿಯ ಮೇಲೆ ಸುರಿದೆ. ಕಾದೆವು. ಏನೂ ಆಗಲಿಲ್ಲ. ಮತ್ತೆ ಸುರಿದೆ. ತಾಮ್ರ ತಾಮ್ರವಾಗಿಯೇ ಇತ್ತು. ಇನ್ನೇನು ಮಾಡಲಿ ದೇವರೇ ಅಂತ ತಲೆ ಹಿಡಿದುಕೊಂಡು ಕೂತೆ. ನನ್ನ ಓದು, ನನ್ನ ಸರ್ವೀಸು, ಎಲ್ಲ ಸೇರಿ ಒಂದು ಚಿಟಿಕೆ ಪುಡಿ ಏನೆಂದು ಹೇಳಲಾಗುತ್ತಿಲ್ಲ. ಅಲ್ಲಿ ಶಶಿಧರ ಕಾಯುತ್ತಿದ್ದಾನೆ. ಆಗ ನೆನಪಾಯಿತು: ಕಾಯಿಸಬೇಕು. ಹಳೇ ಪುಡಿ ತಣ್ಣೀರಿನಲ್ಲಿ ಬಿಟ್ಟುಕೊಳ್ಳುವುದಿಲ್ಲ. ಚಿಕ್ಕತಾಯಮ್ಮನನ್ನು ದೂರ ನಿಲ್ಲಿಸಿ, ಬಯಲಿನಲ್ಲಿ ಗಾಳಿ ನನ್ನ ಬೆನ್ನಿಗೆ ಬರುವ ಹಾಗೆ ಕೂತು, ಮೂರು ಕಲ್ಲಿಟ್ಟು ಚೊಂಬಿನೊಳಗೇ ಆ ನೀರನ್ನು ಹದವಾಗಿ ಬಿಸಿ ಮಾಡಿದೆ. ಇದನ್ನು ಓದಿದವರು ಯಾರೂ ಮನೆಯಲ್ಲಿ ಹೀಗೆ ಮಾಡಬೇಡಿ. ಆ ಹಬೆಯೇ ವಿಷ. ನನಗೆ ಅವತ್ತು ಬೇರೆ ದಾರಿ ಇರಲಿಲ್ಲ.

ನೀರು ಚೆಲ್ಲಿ ನೋಡಿದರೆ ಚೊಂಬಿನ ಒಳಮೈ ಮಸಿ ಹಿಡಿದ ಹಾಗೆ ಕಪ್ಪಗಾಗಿತ್ತು. ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಉಜ್ಜಿದೆ. ಕಪ್ಪು. ಇನ್ನೊಮ್ಮೆ ಉಜ್ಜಿದೆ. ಕಪ್ಪು ಸರಿದು ಒಂದು ಗೆರೆಯಷ್ಟು ಬೆಳ್ಳಗೆ ಮಿಂಚಿತು. ಉಜ್ಜಿದಷ್ಟೂ ಆ ಬಿಳಿ ಅಗಲವಾಗುತ್ತಾ ಹೋಯಿತು. ವಿಡಿಯೊ ಮಾಡಿ ಕಳಿಸಿದೆ. ಶಶಿಧರ ತಕ್ಷಣ ಫೋನು ಮಾಡಿ, "ಸಾಕು ಚಿಕ್ಕಮ್ಮ, ನಾನು ಬೆಂಗಳೂರಿಗೆ ಮಾತಾಡ್ತೀನಿ," ಅಂದ. ಆಮೇಲೆ ಒಂದು ಮಾತು ಸೇರಿಸಿದ: "ಅವಳು ಉಳೀತಾಳೆ ಅಂತ ನಾನು ಹೇಳಲ್ಲ."

ಅಷ್ಟಕ್ಕೆ ಮುಗಿಯಲಿಲ್ಲ. ಹೊತ್ತು ಇಳಿಯುತ್ತಿತ್ತು. ಸಂಜೆಯಾದರೆ ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಲು ಹೊರಡುತ್ತಾರೆ. ಒಬ್ಬರು ಕೊಟ್ಟ ಎಳ್ಳನ್ನು ಇನ್ನೊಬ್ಬರದರ ಜೊತೆ ಒಂದೇ ಡಬ್ಬಿಗೆ ಸುರಿದುಕೊಳ್ಳುವುದು ವಾಡಿಕೆ. ಒಂದು ಸಲ ಬೆರೆತರೆ ಯಾವುದು ಯಾರ ಮನೆಯದು ಎಂದು ಬ್ರಹ್ಮನೂ ಹೇಳಲಾರ. ನಾನು ಮದ್ದೂರಿನ ಅಂಗಡಿಗೆ ಫೋನು ಮಾಡಿ ಪ್ಯಾಕೆಟ್ಟು ನಿಲ್ಲಿಸಿದೆ. ಪುಣ್ಯಕ್ಕೆ ಅಲ್ಲಿಗೆ ಹೋಗಬೇಕಾದ ಬಹುಪಾಲು ಇನ್ನೂ ಸಂಘದವರ ಮನೆಗಳಲ್ಲೇ ಇತ್ತು. ಊರಿನವರಿಗೆ ಹೇಳುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗ ಚಿಕ್ಕತಾಯಮ್ಮ ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟರು.

ಊರ ಬಾಗಿಲಲ್ಲಿ ಕಿಚ್ಚಿಗೆ ಹುಲ್ಲು ಹರಡುತ್ತಿದ್ದರು. ಸಿಂಗಾರವಾದ ದನಗಳು, ಹೊಸ ಬಟ್ಟೆಯ ಮಕ್ಕಳು, ಇಡೀ ಊರೇ ಅಲ್ಲಿತ್ತು. ಅವರೆಲ್ಲರ ಮಧ್ಯೆ ನಿಂತು ಆಕೆ ಕೂಗಿದರು:

"ನಮ್ಮನೆ ಎಳ್ಳ ಯಾರೂ ತಿನ್ಬೇಡಿ ಕಣ್ರಪ್ಪೋ! ಅದ್ರಲ್ಲಿ ಇಸ ಸೇರ್ಕಂಡದೆ. ನನ್ ಸೊಸೆ ಏನೂ ಕುಡ್ದಿಲ್ಲ. ನಂಗೊತ್ತಿತ್ತು, ನಾನೇ ಮುಚ್ಚಾಕಿದ್ದೆ. ನನ್ನ ಏನಾರ ಮಾಡಿ, ಮಕ್ಳ್ ಬಾಯಿಗೆ ಮಾತ್ರ ಅದ ಆಕ್ಬೇಡಿ!"

ಆಮೇಲೆ ಶುರುವಾಯಿತು ನೋಡಿ. ಬೈದವರು ಬೈದರು, ಮಕ್ಕಳ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋದವರನ್ನು ನಾನು ತಡೆದೆ. ಹಬ್ಬದ ದಿನ ಎಳ್ಳು ಚೆಲ್ಲುವುದು ಅಪಶಕುನ ಎಂದು ಒಬ್ಬಾಕೆ ಪ್ಯಾಕೆಟ್ಟು ಕೊಡಲು ಒಪ್ಪಲೇ ಇಲ್ಲ. ಅವಳ ಕೈಯಿಂದ ಅದನ್ನು ಕಿತ್ತುಕೊಂಡದ್ದೂ ಚಿಕ್ಕತಾಯಮ್ಮನೇ. ಎಲ್ಲವನ್ನೂ ಚೀಲಕ್ಕೆ ತುಂಬಿಸಿ ಡ್ರಮ್ಮಿನ ಜೊತೆಗೇ ಬಿಗಿಯಾಗಿ ಕಟ್ಟಿಸಿ ಇಟ್ಟೆವು. ಆಗಲೇ ತಿಂದಿದ್ದವರನ್ನು ಮಳವಳ್ಳಿಯ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆವು. ಕೆಲವರಿಗೆ ಹೊಟ್ಟೆ ಕೆಟ್ಟಿತ್ತು, ಅಷ್ಟೇ. ಭಾಗ್ಯ ಡ್ರಮ್ಮನ್ನು ಅಷ್ಟು ಸಲ ತೊಳೆದಿದ್ದರಿಂದ ಎಳ್ಳಿಗೆ ಹತ್ತಿದ್ದು ಕಡಿಮೆ. ಒಣಪುಡಿ ಕೆರೆಯುವಾಗ ಎದ್ದ ಧೂಳನ್ನೆಲ್ಲ ಅವಳೊಬ್ಬಳೇ ಉಸಿರಾಡಿದ್ದಳು.

ಆ ರಾತ್ರಿಯೇ ಇಂಜೆಕ್ಷನ್ ಬಂತು. ಡಯಾಲಿಸಿಸ್ ಶುರುವಾಯಿತು. ನಿಂಗರಾಜುವನ್ನು ಪೊಲೀಸರು ಬಿಟ್ಟರು; ಅವನು ಠಾಣೆಯಿಂದ ನೇರ ಆಸ್ಪತ್ರೆಗೆ ಹೋದವನು ವಾರಗಟ್ಟಲೆ ಅಲ್ಲಿಂದ ಕದಲಲಿಲ್ಲ. ಇವತ್ತು ಹೋಗುತ್ತಾಳೆ, ನಾಳೆ ಹೋಗುತ್ತಾಳೆ ಎನ್ನುವ ಸ್ಥಿತಿ. ರಕ್ತಪರೀಕ್ಷೆಯ ಫಲಿತಾಂಶ ಬಂದು ಪಾದರಸ ಖಚಿತವಾದಾಗಲೂ ನನಗೆ ಸಂತೋಷವೇನೂ ಆಗಲಿಲ್ಲ.

ಭಾಗ್ಯ ಉಳಿದಳು. ಪೂರ್ತಿಯಾಗಿ ಅಲ್ಲ. ಒಂದು ಕಿಡ್ನಿಯೂ ಮೊದಲಿನಂತೆ ಆಗಲಿಲ್ಲ, ಇಂದಿಗೂ ಮಂಡ್ಯಕ್ಕೆ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗಿಬರುತ್ತಾಳೆ. ಕೈ ನಡುಗುತ್ತದೆ, ಲೋಟದ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯಬೇಕು.

ಅವಳಿಗೆ ಮಾತು ಬಂದ ಮೇಲೆ ಒಮ್ಮೆ ವಾರ್ಡಿಗೆ ಹೋದೆ. ಪಕ್ಕದಲ್ಲಿ ಚಿಕ್ಕತಾಯಮ್ಮ ಗಂಜಿ ಆರಿಸುತ್ತಾ ಕೂತಿದ್ದರು. ಅತ್ತೆ ಸೊಸೆ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಎಷ್ಟು ಕಷ್ಟಪಟ್ಟು ಕಂಡುಹಿಡಿದೆವು ಎನ್ನುವುದನ್ನು, ಓರೆ ಅಚ್ಚು, ತಾಮ್ರದ ಚೊಂಬು ಎಲ್ಲವನ್ನೂ ಸ್ವಲ್ಪ ಜಂಬದಿಂದಲೇ ಅವಳಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

"ಎಲ್ರೂವೆ ಏನ್ ಕುಡುದೆ, ಏನ್ ಕುಡುದೆ ಅಂತ್ಲೇ ಕೇಳುದ್ರು ಮೇಡಮ್ಮೋರೆ. ಡಾಕ್ಟ್ರು ಕೇಳುದ್ರು, ಪೊಲೀಸ್ನೋರ್ ಕೇಳುದ್ರು, ನಮ್ಮಣ್ಣ ಕೇಳ್ದ. ಅದ್ರ್ ಮುಂಚಿನ್ ದಿವ್ಸ ಏನ್ ಕೆಲ್ಸ ಮಾಡ್ತಿದ್ದೆ ತಾಯಿ ಅಂತ ಒಬ್ರಾರ ಕೇಳಿದ್ರೆ, ಡ್ರಮ್ಮು ಕೆರೀತಿದ್ದೆ ಅಂತ ನಾನೇ ಏಳ್ತಿದ್ನಲ್ಲ."

ಅವಳ ಕಾಲ ಬಳಿ ಹೊದಿಕೆ ಸರಿಮಾಡಿ ಎದ್ದು ಬಂದೆ.

ನಿವೃತ್ತಿಯಾದ ಮೇಲೂ ಇಲಾಖೆಗೆ ಹೊಸದಾಗಿ ಸೇರಿದವರ ತರಬೇತಿಗೆ ಆಗೀಗ ನನ್ನನ್ನು ಕರೆಯುತ್ತಾರೆ. ವಿಷದ ಪಾಠ ನನ್ನ ಪಾಲಿಗೆ ಬರುತ್ತದೆ. ಅವರಿಗೆ ನಾನು ಹೇಳುವುದು ಇಷ್ಟೇ: ನೆಲಕ್ಕೆ ಬಿದ್ದವರ ಮನೆಗೆ ಹೋದಾಗ ಬಾಟಲಿ ಹುಡುಕುವುದು ಆಮೇಲಿರಲಿ. ಆ ಮನುಷ್ಯ ಹಿಂದಿನ ದಿನಗಳಲ್ಲಿ ಯಾವ ಕೆಲಸ ಮಾಡುತ್ತಿದ್ದ ಎಂದು ಕೇಳಿ. ಬಾಯಲ್ಲಿ ಮಾತಿದ್ದಾಗಲೇ ಕೇಳಿ. ಕೇಳಿದ ಮೇಲೆ, ಅವರು ಹೇಳಿದ್ದನ್ನು ನಂಬಿ.